340 ರೂಪಾಯಿ ಬೀಳುವ ವಸ್ತುವನ್ನು 260ಕ್ಕೆ ಮಾರಿದರೆ ಲಾಭ ಹೇಗೆ?

ಪ್ರಶ್ನೆ: ಸರ್, ನಾನು ಕಾಮರ್ಸ್ ಮೊದಲ ವರ್ಷದಲ್ಲಿ ಓದುತ್ತಿದ್ದೇನೆ. ಕಾಸ್ಟ್ ಅಕೌಂಟಿಂಗ್ ಸೂತ್ರಗಳು ಬಾಯಿಗೆ ಬರುತ್ತವೆ, ಲೆಕ್ಕ ಮಾತ್ರ ಕೈಗೆ ಹತ್ತುತ್ತಿಲ್ಲ. ಈ ಒಂದೇ ಲೆಕ್ಕದಲ್ಲಿ ಮೂರು ಕಡೆ ತಪ್ಪಿದ್ದೇನೆ. ಒಂದು ಕಂಪನಿ ತಿಂಗಳಿಗೆ 5,000 ಟೇಬಲ್ ಲ್ಯಾಂಪ್ ತಯಾರಿಸಬಲ್ಲದು. ಈಗ 4,000 ತಯಾರಿಸಿ, ಅಷ್ಟನ್ನೂ ಒಂದಕ್ಕೆ 400 ರೂಪಾಯಿಯಂತೆ ಮಾರುತ್ತಿದೆ. ತಿಂಗಳ ಖರ್ಚು: ನೇರ ಸಾಮಗ್ರಿ 4,80,000, ನೇರ ಕೂಲಿ 2,40,000, ಬದಲಾಗುವ ಫ್ಯಾಕ್ಟರಿ ಓವರ್‌ಹೆಡ್ (ನೇರ ಸಾಮಗ್ರಿ, ನೇರ ಕೂಲಿ ಬಿಟ್ಟು ಫ್ಯಾಕ್ಟರಿಯ ಉಳಿದ ಖರ್ಚು) 80,000, ಸ್ಥಿರ ಫ್ಯಾಕ್ಟರಿ ಓವರ್‌ಹೆಡ್ 3,20,000, ಮಾರಾಟದ ಕಮಿಷನ್ ಬೆಲೆಯ 5%, ಸ್ಥಿರ ಆಡಳಿತ ಮತ್ತು ಮಾರಾಟ ವೆಚ್ಚ 1,60,000. ಪ್ರೈಮ್ ಕಾಸ್ಟ್, ಕನ್ವರ್ಷನ್ ಕಾಸ್ಟ್ ಎಷ್ಟು? ಬ್ರೇಕ್ ಈವನ್, ಅಂದರೆ ಲಾಭವೂ ನಷ್ಟವೂ ಇಲ್ಲದ ಮಾರಾಟ, ಎಷ್ಟು? 4,500 ಮಾರಿದರೆ ಲಾಭ ಎಷ್ಟು? ಹೊಸ ಗ್ರಾಹಕರೊಬ್ಬರು ಒಂದಕ್ಕೆ 260ರಂತೆ 800 ಲ್ಯಾಂಪ್ ಕೇಳಿದ್ದಾರೆ, ಇದಕ್ಕೆ ಕಮಿಷನ್ ಕೊಡಬೇಕಿಲ್ಲ. ಒಪ್ಪಬೇಕೇ? ನಾನು ಬರೆದದ್ದು ಹೀಗೆ: ಒಂದರ ಖರ್ಚು 340, ಲಾಭ 60. ಬ್ರೇಕ್ ಈವನ್ 4,80,000 ÷ 60 = 8,000. 4,500ಕ್ಕೆ ಲಾಭ 2,70,000. 260ಕ್ಕೆ ಕೊಟ್ಟರೆ ಒಂದಕ್ಕೆ 80 ನಷ್ಟ, ಆದ್ದರಿಂದ ಆರ್ಡರ್ ಬೇಡ. ಪ್ರೈಮ್ ಮತ್ತು ಕನ್ವರ್ಷನ್ ಬಿಟ್ಟು ಉಳಿದದ್ದೆಲ್ಲ ತಪ್ಪು ಎಂದು ಬಂತು. ಇಂಥ ಲೆಕ್ಕವನ್ನು ಎಲ್ಲಿಂದ ಹಿಡಿಯಬೇಕು?

ಉತ್ತರ: ನಿಮ್ಮ ಕೂಡುವುದು, ಕಳೆಯುವುದರಲ್ಲಿ ಎಲ್ಲೂ ತಪ್ಪಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕಂದ್ರೆ ಇಂಥ ಲೆಕ್ಕ ತಪ್ಪಿದಾಗ ಎಷ್ಟೋ ಮಕ್ಕಳು "ನನಗೆ ಗಣಿತ ಬರಲ್ಲ" ಎಂದುಕೊಂಡು ಪುಸ್ತಕ ಮುಚ್ಚಿಬಿಡುತ್ತಾರೆ. ಇಲ್ಲಿ ಬೇಕಾದ ಗಣಿತ ಶಾಲೆಯಲ್ಲೇ ಮುಗಿದಿದೆ. ನೀವು ಮೂರು ಕಡೆ ತಪ್ಪಿದ್ದೀರಿ ನಿಜ, ಆದರೆ ಮೂರೂ ಒಂದೇ ತಪ್ಪು. 340 ಎಂಬ ಸಂಖ್ಯೆಯನ್ನು ಎಲ್ಲ ಕಡೆಗೂ ಹೊತ್ತುಕೊಂಡು ಹೋಗಿದ್ದೀರಿ.

340 ಸುಳ್ಳು ಸಂಖ್ಯೆಯಲ್ಲ. 4,000 ಲ್ಯಾಂಪ್ ಮಾಡಿದ ತಿಂಗಳಿಗೆ ಅದು ಪೂರ್ತಿ ಸರಿ. 4,001 ಮಾಡಿದ ತಿಂಗಳಿಗೆ ಸರಿಯಲ್ಲ. ಅದನ್ನು ಬಿಚ್ಚಿ ನೋಡೋಣ. ಸಾಮಗ್ರಿ 120, ಕೂಲಿ 60, ಬದಲಾಗುವ ಓವರ್‌ಹೆಡ್ 20, ಕಮಿಷನ್ 20. ಇಲ್ಲಿಗೆ 220 ಆಯಿತು. ಇನ್ನುಳಿದ 120ರಲ್ಲಿ 80 ಸ್ಥಿರ ಓವರ್‌ಹೆಡ್‌ನದು, 40 ಸ್ಥಿರ ಆಡಳಿತ ವೆಚ್ಚದ್ದು. ಮೊದಲಿನ 220 ನಿಜವಾಗಿಯೂ ಒಂದೊಂದು ಲ್ಯಾಂಪಿನ ಬೆನ್ನಿಗೆ ಅಂಟಿಕೊಂಡ ಖರ್ಚು. ಲ್ಯಾಂಪ್ ಮಾಡದಿದ್ದರೆ, ಮಾರದಿದ್ದರೆ ಅದು ಹುಟ್ಟುವುದೇ ಇಲ್ಲ. ಆದರೆ ಆ 120? ಅದನ್ನು ಕಂಪನಿ ಯಾವ ಲ್ಯಾಂಪಿಗೂ ಖರ್ಚು ಮಾಡಿಲ್ಲ. ಕಂಪನಿ ಖರ್ಚು ಮಾಡಿದ್ದು ತಿಂಗಳಿಗೆ 3,20,000 + 1,60,000 = 4,80,000. ಅದನ್ನು 4,000ದಿಂದ ಭಾಗಿಸಿದವರು ನಾವು. 2,000 ಮಾಡಿದ್ದರೆ ಅದೇ ಖರ್ಚು ಒಂದಕ್ಕೆ 240 ಆಗುತ್ತಿತ್ತು. 5,000 ಮಾಡಿದ್ದರೆ 96ಕ್ಕೆ ಇಳಿಯುತ್ತಿತ್ತು.

ಆದ್ದರಿಂದ ಲೆಕ್ಕ ಕೈಗೆ ಬಂದ ಕೂಡಲೇ ಸೂತ್ರ ಹುಡುಕಬೇಡಿ. ಒಂದೊಂದು ಖರ್ಚಿನ ಮುಂದೆ ನಿಂತು ಒಂದೇ ಪ್ರಶ್ನೆ ಕೇಳಿ: ಇನ್ನೊಂದು ಲ್ಯಾಂಪ್ ಜಾಸ್ತಿ ಮಾಡಿ ಮಾರಿದರೆ ನೀನೂ ಜಾಸ್ತಿ ಆಗ್ತೀಯಾ? "ಹೌದು" ಅಂದರೆ ಅದನ್ನು ಒಂದಕ್ಕೆ ಇಷ್ಟು ಎಂದು ಬರೆದುಕೊಳ್ಳಿ. "ಇಲ್ಲ" ಅಂದರೆ ತಿಂಗಳಿಗೆ ಇಷ್ಟು ಎಂದು ಇಡೀ ಮೊತ್ತವಾಗಿಯೇ ಬರೆದುಕೊಳ್ಳಿ, ಭಾಗಿಸಬೇಡಿ. ನಿಮ್ಮ ಲೆಕ್ಕ ಎರಡೇ ಸಾಲಿಗೆ ಇಳಿಯುತ್ತದೆ:

ಒಂದು ಲ್ಯಾಂಪಿಗೆ: ಬೆಲೆ 400 − ಬದಲಾಗುವ ಖರ್ಚು 220 = ಕಾಂಟ್ರಿಬ್ಯೂಷನ್ 180
ಒಂದು ತಿಂಗಳಿಗೆ: ಸ್ಥಿರ ಖರ್ಚು 4,80,000

ಉತ್ತರ ಪತ್ರಿಕೆಯಲ್ಲೂ ಈ ಎರಡು ಸಾಲನ್ನು ಮೇಲೆಯೇ ಬರೆಯಿರಿ. ಪತ್ರಿಕೆ ತಿದ್ದುವವರಿಗೆ ನಿಮ್ಮ ಯೋಚನೆ ಕಾಣುತ್ತದೆ. ಕೆಳಗೆ ಎಲ್ಲಾದರೂ ಕೈತಪ್ಪಿದರೂ ಅಷ್ಟಕ್ಕೆ ಅಂಕ ಕೊಡಲು ಅವರಿಗೊಂದು ಹಿಡಿತ ಸಿಗುತ್ತದೆ. ಸಂಖ್ಯೆಯ ಪಕ್ಕದಲ್ಲಿ "ಒಂದಕ್ಕೆ", "ತಿಂಗಳಿಗೆ", "ಒಟ್ಟು" ಎಂಬ ಮಾತು ಬರೆಯುವುದನ್ನು ಮಾತ್ರ ಮರೆಯಬೇಡಿ. ನಾನು ನೋಡಿದ ತಪ್ಪು ಉತ್ತರಗಳಲ್ಲಿ ಬಹುಪಾಲು ಹುಟ್ಟಿದ್ದು ಈ ಒಂದು ಪದ ಬರೆಯದೇ ಇದ್ದದ್ದರಿಂದ.

ಸ್ಥಿರ ಖರ್ಚಿನ ಈ ಗುಣ ಜನರಿಗೆ ಗೊತ್ತಾದದ್ದು ಕ್ಲಾಸಿನಲ್ಲಲ್ಲ, ಕಷ್ಟ ಬಂದಾಗ. 1772ರಲ್ಲಿ ಬ್ರಿಟನ್ನಿನಲ್ಲಿ ಸಾಲದ ಬಿಕ್ಕಟ್ಟು ಬಂದು ವ್ಯಾಪಾರ ಕುಸಿಯಿತು. ಜೊಸೈಯಾ ವೆಜ್‌ವುಡ್ ಎಂಬ ಪಿಂಗಾಣಿ ತಯಾರಕ ತನ್ನ ಲೆಕ್ಕಪುಸ್ತಕ ಹರಡಿಕೊಂಡು, ಒಂದೊಂದು ವಸ್ತುವಿಗೆ ನಿಜಕ್ಕೂ ಎಷ್ಟು ಬೀಳುತ್ತಿದೆ ಎಂದು ಹುಡುಕಲು ಕೂತ. ಬಾಡಿಗೆ, ಅಚ್ಚು ಮುಂತಾದ ಕೆಲವು ಖರ್ಚುಗಳು ಸರಕು ಹೆಚ್ಚು ಮಾಡಿದರೂ ಕಡಿಮೆ ಮಾಡಿದರೂ ಹಾಗೇ ನಡೆಯುತ್ತವೆ ಎಂಬುದು ಅವನಿಗೆ ಆಗ ಕಂಡಿತು. ಹಾಗಾದರೆ ಹೆಚ್ಚು ಸರಕು ಮಾಡಿದಷ್ಟೂ ಒಂದೊಂದರ ಮೇಲೆ ಬೀಳುವ ಭಾರ ಕಡಿಮೆ ಎಂಬುದೂ ಹೊಳೆಯಿತು. ನೀವು ಇಂದು ಕಲಿಯುತ್ತಿರುವುದು ಅವನು ಅಂದು ತಲೆ ಕೆಡಿಸಿಕೊಂಡ ಅದೇ ವಿಷಯ.

ಈಗ ನಿಮ್ಮ ಪ್ರಶ್ನೆಗಳಿಗೆ ಬರೋಣ. ಪ್ರೈಮ್ ಕಾಸ್ಟ್ ಎಂದರೆ ನೇರ ಸಾಮಗ್ರಿ ಮತ್ತು ನೇರ ಕೂಲಿ: 4,80,000 + 2,40,000 = 7,20,000, ಒಂದಕ್ಕೆ 180. ಕನ್ವರ್ಷನ್ ಕಾಸ್ಟ್ ಎಂದರೆ ಸಾಮಗ್ರಿಯನ್ನು ವಸ್ತುವಾಗಿ ಮಾರ್ಪಡಿಸಲು ತಗಲುವ ಖರ್ಚು. ಅಂದರೆ ನೇರ ಕೂಲಿ ಮತ್ತು ಪೂರ್ತಿ ಫ್ಯಾಕ್ಟರಿ ಓವರ್‌ಹೆಡ್: 2,40,000 + 80,000 + 3,20,000 = 6,40,000, ಒಂದಕ್ಕೆ 160. ಇದು ನಿಮಗೆ ಸರಿ ಬಂದಿದೆ. ಆದರೂ ಒಂದು ಎಚ್ಚರಿಕೆ. 180 ಮತ್ತು 160 ಕೂಡಿದರೆ 340 ಆಗುತ್ತದೆ. ನಿಮ್ಮ ಒಟ್ಟು ಖರ್ಚೂ 340. ಇದನ್ನು ನೋಡಿ "ಪ್ರೈಮ್ ಪ್ಲಸ್ ಕನ್ವರ್ಷನ್ ಅಂದರೆ ಒಟ್ಟು ಖರ್ಚು" ಎಂದು ಮನಸ್ಸಿನಲ್ಲಿ ಅಚ್ಚಾಗಿಬಿಟ್ಟರೆ ಕಷ್ಟ. ಎರಡರಲ್ಲೂ ಕೂಲಿ ಇದೆ, ಹಾಗಾಗಿ ಕೂಡಿದಾಗ 60 ಎರಡು ಸಲ ಬಂದಿದೆ. ಈ ಲೆಕ್ಕದಲ್ಲಿ ಕಮಿಷನ್ 20, ಆಡಳಿತ 40 ಸೇರಿ ಅದೂ 60 ಆಗಿರುವುದರಿಂದ ಎರಡೂ ಸರಿಸಮ ಬಂದಿವೆ, ಅಷ್ಟೇ. ಇನ್ನೊಂದು ಲೆಕ್ಕದಲ್ಲಿ ಹೀಗೆ ಹೊಂದುವುದಿಲ್ಲ. ಫ್ಯಾಕ್ಟರಿ ವೆಚ್ಚ ಬೇಕಿದ್ದರೆ ಕೂಲಿಯನ್ನು ಒಂದೇ ಸಲ ಹಿಡಿಯಿರಿ: 120 + 60 + 20 + 80 = 280.

ಬ್ರೇಕ್ ಈವನ್ ನೋಡಿ. ನೀವು 4,80,000ವನ್ನು 60ರಿಂದ ಭಾಗಿಸಿದಿರಿ. ಆ 60 ಬಂದದ್ದು ಹೇಗೆ? ಸ್ಥಿರ ಖರ್ಚಿನ ಪಾಲು 120 ಕಳೆದ ಮೇಲೆ ಉಳಿದದ್ದು ಅದು. ಒಮ್ಮೆ ಸ್ಥಿರ ಖರ್ಚು ಕಳೆದಾಯಿತು, ಮತ್ತೆ ಅದೇ ಸ್ಥಿರ ಖರ್ಚನ್ನು ತುಂಬಿಸಲು ಅದೇ 60ನ್ನು ಕಳಿಸಿದಿರಿ. ಒಂದೇ ಸಾಲವನ್ನು ಎರಡು ಸಲ ತೀರಿಸಿದ ಹಾಗೆ. ತೀರಿಸಲು ಹೋಗಬೇಕಾದ್ದು ಇಡೀ 180:

4,80,000 ÷ 180 = 2,666.67

ಲ್ಯಾಂಪನ್ನು ತುಂಡು ಮಾಡಿ ಮಾರಲು ಆಗುವುದಿಲ್ಲ, ಆದ್ದರಿಂದ 2,667. ಇಲ್ಲಿ ಯಾವಾಗಲೂ ಮೇಲಕ್ಕೇ ಹೋಗಬೇಕು, 2,666.2 ಬಂದಿದ್ದರೂ ಸರಿ. 2,666ರಲ್ಲಿ ಕಾಂಟ್ರಿಬ್ಯೂಷನ್ 4,79,880, ಅಂದರೆ ಇನ್ನೂ 120 ರೂಪಾಯಿ ನಷ್ಟ. 2,667ರಲ್ಲಿ 60 ರೂಪಾಯಿ ಲಾಭ. ರೂಪಾಯಿಯಲ್ಲಿ ಕೇಳಿದರೆ ಕಾಂಟ್ರಿಬ್ಯೂಷನ್ ಬೆಲೆಯ ಎಷ್ಟು ಭಾಗ ಎಂದು ನೋಡಿ. 400ಕ್ಕೆ 180 ಎಂದರೆ 45%. 4,80,000 ÷ 0.45 = ಸುಮಾರು 10,66,667 ರೂಪಾಯಿ ಮಾರಾಟ.

ನಿಮ್ಮ 8,000 ಉತ್ತರ ತಪ್ಪು ಎಂದು ತಿಳಿಯಲು ಯಾರೂ ತಿದ್ದಿಕೊಡಬೇಕಾಗಿರಲಿಲ್ಲ. ಒಂದಕ್ಕೆ 60 ಲಾಭ ಎಂದು ನೀವೇ ಮೇಲೆ ಬರೆದಿದ್ದೀರಿ, ಅಂದರೆ ಈ ಕಂಪನಿ 4,000 ಮಾರಿ 2,40,000 ಲಾಭದಲ್ಲಿದೆ. ಲಾಭದಲ್ಲಿರುವ ಕಂಪನಿಗೆ ಬ್ರೇಕ್ ಈವನ್ ಈಗಿನ ಮಾರಾಟಕ್ಕಿಂತ ಕೆಳಗೇ ಇರಬೇಕು, ಅಲ್ವಾ? ಜೊತೆಗೆ 8,000 ತಯಾರಿಸುವ ಶಕ್ತಿಯೇ ಅದಕ್ಕಿಲ್ಲ. ಉತ್ತರ ಬಂದ ಮೇಲೆ ಅರ್ಧ ನಿಮಿಷ ಹೀಗೆ ತೂಗಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಕ್ಯಾಲ್ಕುಲೇಟರ್‌ಗೆ ಈ ಕೆಲಸ ಬರುವುದಿಲ್ಲ.

4,500 ಲ್ಯಾಂಪಿನ ಲಾಭ ಈಗ ಸುಲಭ. 4,500 × 180 = 8,10,000. ಅದರಲ್ಲಿ 4,80,000 ಕಳೆದರೆ 3,30,000. ನೀವು ಬರೆದದ್ದು 2,70,000. ನಡುವಿನ 60,000 ಎಲ್ಲಿ ಹೋಯಿತು? ಹೊಸ 500 ಲ್ಯಾಂಪಿನ ಮೇಲೂ ತಲಾ 120 ಸ್ಥಿರ ಖರ್ಚು ಹೇರಿದಿರಿ. 500 × 120 = 60,000. ಯಾರೂ ಕೇಳದ, ಯಾರೂ ಕೊಡದ ಖರ್ಚು ಅದು.

ಇದನ್ನೇ ಇನ್ನೊಂದು ದಾರಿಯಲ್ಲಿ ಪರೀಕ್ಷಿಸಬಹುದು. ಈಗಿನ ಕಾಂಟ್ರಿಬ್ಯೂಷನ್ 7,20,000, ಲಾಭ 2,40,000. ಮೊದಲನೆಯದು ಎರಡನೆಯದರ 3 ಪಟ್ಟು. ಇದಕ್ಕೆ ಆಪರೇಟಿಂಗ್ ಲೆವರೇಜ್ ಎನ್ನುತ್ತಾರೆ. ಮಾರಾಟ 12.5% ಏರಿದರೆ ಲಾಭ ಅದರ 3 ಪಟ್ಟು, ಅಂದರೆ 37.5% ಏರುತ್ತದೆ. 2,40,000ಕ್ಕೆ 37.5% ಸೇರಿಸಿ ನೋಡಿ, 3,30,000. ಮಾರಾಟ ಇಳಿದಾಗಲೂ ಇದೇ 3 ಪಟ್ಟು ವೇಗದಲ್ಲಿ ಲಾಭ ಇಳಿಯುತ್ತದೆ. ಸ್ಥಿರ ಖರ್ಚು ಜಾಸ್ತಿ ಇರುವ ಉದ್ಯಮಗಳಲ್ಲಿ ಲಾಭ ಒಂದು ವರ್ಷ ಜಿಗಿಯುವುದು, ಮರುವರ್ಷ ಬೀಳುವುದು ಇದೇ ಕಾರಣಕ್ಕೆ.

ಇನ್ನು ಆ 260ರ ಆರ್ಡರ್. ನನಗೆ ಇಡೀ ವಿಷಯದಲ್ಲಿ ತುಂಬ ಇಷ್ಟವಾದ ಭಾಗ ಇದು. ಇಲ್ಲಿ ಲೆಕ್ಕಕ್ಕಿಂತ ಯೋಚನೆ ಜಾಸ್ತಿ.

ನಿರ್ಧಾರದ ಲೆಕ್ಕದಲ್ಲಿ ಕೇಳಬೇಕಾದ್ದು "ಇದಕ್ಕೆ ಎಷ್ಟು ಖರ್ಚಾಗುತ್ತದೆ" ಅಂತಲ್ಲ. "ಒಪ್ಪಿದರೆ ಏನು ಬದಲಾಗುತ್ತದೆ" ಅಂತ ಕೇಳಬೇಕು. 800 ಲ್ಯಾಂಪ್ ಒಪ್ಪಿದರೆ ಒಂದಕ್ಕೆ 260 ಬರುತ್ತದೆ. ಸಾಮಗ್ರಿ 120, ಕೂಲಿ 60, ಬದಲಾಗುವ ಓವರ್‌ಹೆಡ್ 20, ಒಟ್ಟು 200 ಹೋಗುತ್ತದೆ. ಕಮಿಷನ್ ಇಲ್ಲ ಎಂದು ಪ್ರಶ್ನೆಯೇ ಹೇಳಿದೆ. ಸ್ಥಿರ ಖರ್ಚು 4,80,000 ಒಪ್ಪಿದರೂ ಇರುತ್ತದೆ, ಬಿಟ್ಟರೂ ಇರುತ್ತದೆ. ಹಾಗಾಗಿ ಅದು ಈ ಮಾತುಕತೆಗೆ ಬರುವುದೇ ಇಲ್ಲ. ಒಂದಕ್ಕೆ 60 ಉಳಿಯುತ್ತದೆ, 800ಕ್ಕೆ 48,000. ತಿಂಗಳ ಲಾಭ 2,40,000ದಿಂದ 2,88,000ಕ್ಕೆ ಏರುತ್ತದೆ. ಒಪ್ಪಬೇಕು.

ಆದರೆ ಒಂದು ಷರತ್ತು ಇದರೊಳಗೆ ಅಡಗಿದೆ. 5,000ದ ಶಕ್ತಿಯಲ್ಲಿ 1,000 ಖಾಲಿ ಇದೆ, 800 ಅದರೊಳಗೆ ಕೂರುತ್ತದೆ. ಅದೇ ಗ್ರಾಹಕರು 1,500 ಕೇಳಿದ್ದರೆ? ಆಗ 500 ಲ್ಯಾಂಪನ್ನು ಮಾಮೂಲಿ ಗ್ರಾಹಕರಿಂದ ಕಿತ್ತು ಇವರಿಗೆ ಕೊಡಬೇಕು. ಆ 500ರ ಮೇಲೆ ಬರಬೇಕಿದ್ದ ತಲಾ 180, ಅಂದರೆ 90,000 ಕೈತಪ್ಪುತ್ತದೆ. ಹೊಸ ಆರ್ಡರಿನಿಂದ ಬರುವುದು 1,500 × 60 = 90,000. ಬಂದದ್ದೂ ಹೋದದ್ದೂ ಸರಿಸಮ. 1,600 ಕೇಳಿದರೆ 96,000 ಬರುತ್ತದೆ, 1,08,000 ಹೋಗುತ್ತದೆ, 12,000 ನಷ್ಟ. ಅಂದರೆ 260 ಎಂಬ ಬೆಲೆ ಒಳ್ಳೆಯದೋ ಕೆಟ್ಟದ್ದೋ ಎಂಬುದು ಬೆಲೆಯೊಂದರಿಂದ ತೀರ್ಮಾನವಾಗುವುದಿಲ್ಲ. ಫ್ಯಾಕ್ಟರಿಯಲ್ಲಿ ಜಾಗ ಖಾಲಿ ಇದೆಯೋ ಇಲ್ಲವೋ ಎಂಬುದೂ ಅದನ್ನು ತೀರ್ಮಾನಿಸುತ್ತದೆ. ಹೀಗೆ ಕೈಬಿಟ್ಟ ಲಾಭಕ್ಕೆ ಆಪರ್ಚುನಿಟಿ ಕಾಸ್ಟ್ ಎಂದು ಹೆಸರು. ಇದು ಯಾವ ಬಿಲ್ಲಿನಲ್ಲೂ, ಯಾವ ಲೆಡ್ಜರಿನಲ್ಲೂ ಕಾಣುವುದಿಲ್ಲ. ಪ್ರಶ್ನೆಯಲ್ಲಿ "ಗರಿಷ್ಠ ಸಾಮರ್ಥ್ಯ" ಎಂಬ ಮಾತು ಕಂಡರೆ ಅದನ್ನು ಸುಮ್ನೆ ಕೊಟ್ಟಿಲ್ಲ ಎಂದು ತಿಳಿಯಿರಿ.

ಇದೇ ಜಾತಿಯ ಇನ್ನೊಂದು ಬಲೆ ಇದೆ. "ಈ ಆರ್ಡರಿಗೆ ಬೇಕಾದ ವಿಶೇಷ ಅಚ್ಚಿಗೆ 20,000 ಆಗುತ್ತದೆ" ಎಂದರೆ ಅದನ್ನು ಕಳೆಯಬೇಕು, ಲಾಭ 28,000ಕ್ಕೆ ಇಳಿಯುತ್ತದೆ. "ಬೇಕಾದ ಅಚ್ಚನ್ನು ಕಂಪನಿ ಹೋದ ವರ್ಷವೇ 20,000 ಕೊಟ್ಟು ಕೊಂಡಿದೆ, ಅದನ್ನು ಈಗ ಮಾರಲೂ ಆಗುವುದಿಲ್ಲ" ಎಂದರೆ ಕಳೆಯಬಾರದು. ದುಡ್ಡು ಆಗಲೇ ಹೋಗಿದೆ, ಇಂದಿನ ಯಾವ ತೀರ್ಮಾನವೂ ಅದನ್ನು ವಾಪಸ್ ತರುವುದಿಲ್ಲ. ಇದು ಸಂಕ್ ಕಾಸ್ಟ್. ದೊಡ್ಡ ದೊಡ್ಡ ಸರ್ಕಾರಗಳೂ ಇಲ್ಲಿ ಎಡವಿವೆ. 1962ರಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಕಾಂಕಾರ್ಡ್ ವಿಮಾನ ಕಟ್ಟಲು ಒಪ್ಪಂದ ಮಾಡಿಕೊಂಡವು. ಖರ್ಚು ಅಂದಾಜನ್ನು ಮೀರಿ ಬೆಳೆಯುತ್ತಲೇ ಹೋಯಿತು, ಕೆಲಸ ಮಾತ್ರ ನಿಲ್ಲಲಿಲ್ಲ. ಕೊನೆಗೆ ಏರ್‌ಲೈನ್‌ಗಳ ಸೇವೆಗೆ ಬಂದದ್ದು 14 ವಿಮಾನ. "ಇಷ್ಟು ಹಾಕಿಬಿಟ್ಟಿದ್ದೇವೆ, ಈಗ ಹೇಗೆ ಬಿಡುವುದು" ಎಂಬ ಯೋಚನೆಗೆ ಅರ್ಥಶಾಸ್ತ್ರದಲ್ಲಿ ಆ ವಿಮಾನದ ಹೆಸರೇ ಅಂಟಿಕೊಂಡಿದೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳದಿದ್ದರೆ ತಪ್ಪಾಗುತ್ತದೆ. "ಸ್ಥಿರ ಖರ್ಚು ಲೆಕ್ಕಕ್ಕಿಲ್ಲ" ಎಂಬ ಮಾತನ್ನು ಎಲ್ಲ ಗ್ರಾಹಕರಿಗೂ ಹಾಕಿದರೆ ಕಂಪನಿ ಮುಳುಗುತ್ತದೆ. ಎಲ್ಲರಿಗೂ 260ಕ್ಕೆ ಕೊಟ್ಟರೆ, ಕಮಿಷನ್ ಬಿಟ್ಟರೂ, 5,000 ಮಾರಿ 3,00,000 ಕಾಂಟ್ರಿಬ್ಯೂಷನ್ ಬರುತ್ತದೆ. ಸ್ಥಿರ ಖರ್ಚು 4,80,000. ತಿಂಗಳಿಗೆ 1,80,000 ನಷ್ಟ. 260 ನಡೆಯುವುದು ಉಳಿದ 4,000 ಲ್ಯಾಂಪ್ ಆಗಲೇ ಸ್ಥಿರ ಖರ್ಚನ್ನು ಹೊತ್ತಿರುವುದರಿಂದ, ಮತ್ತು ಈ ಆರ್ಡರ್ ಒಂದೇ ಸಲದ್ದು ಎಂಬುದರಿಂದ. 260ಕ್ಕೆ ಕೊಟ್ಟ ಸುದ್ದಿ ಹಳೆಯ ಗ್ರಾಹಕರಿಗೆ ತಿಳಿದು ಅವರೂ ಅದೇ ಬೆಲೆ ಕೇಳುವ ಹಾಗಿದ್ದರೆ 48,000ದ ಲಾಭ ಬಹಳ ದುಬಾರಿ ಬೀಳುತ್ತದೆ. ಪರೀಕ್ಷೆಯಲ್ಲಿ ಅಂಕಿಯ ಉತ್ತರದ ಕೆಳಗೆ ಇದನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಕೆಲಸಕ್ಕೆ ಸೇರಿದ ಮೇಲೆ ಇದನ್ನೇ ಮೊದಲು ಯೋಚಿಸಬೇಕಾಗುತ್ತದೆ.

"ಸ್ಥಿರ", "ಬದಲಾಗುವ" ಎಂಬ ಹೆಸರುಗಳನ್ನೂ ಕಣ್ಣುಮುಚ್ಚಿ ನಂಬಬೇಡಿ. 5,000 ದಾಟಿದರೆ ಇನ್ನೊಂದು ಯಂತ್ರ ಬೇಕು, ಆಗ "ಸ್ಥಿರ" ಖರ್ಚೇ ಒಂದು ಮೆಟ್ಟಿಲು ಮೇಲೇರುತ್ತದೆ. ನೇರ ಕೂಲಿಯನ್ನು ಪುಸ್ತಕಗಳು ಬದಲಾಗುವ ಖರ್ಚು ಎಂದೇ ಹಿಡಿಯುತ್ತವೆ. ಆದರೆ ಕೆಲಸಗಾರರಿಗೆ ತಿಂಗಳ ಸಂಬಳವಿದ್ದು, ಅವರಿಗೆ ಬಿಡುವೂ ಇದ್ದರೆ ಹೊಸ 800 ಲ್ಯಾಂಪಿಗೆ ಕೂಲಿ ಒಂದು ರೂಪಾಯಿಯೂ ಏರುವುದಿಲ್ಲ. ಪ್ರಶ್ನೆ ಏನು ಹೇಳುತ್ತದೋ ಅದನ್ನೇ ಹಿಡಿಯಿರಿ. ಪ್ರಶ್ನೆ ಏನೂ ಹೇಳದಿದ್ದರೆ "ಕೂಲಿ ಬದಲಾಗುವ ಖರ್ಚು ಎಂದು ಹಿಡಿದಿದ್ದೇನೆ" ಎಂದು ಒಂದು ಸಾಲು ಬರೆದು ಮುಂದೆ ಹೋಗಿ.

ಕೆಲವು ಖರ್ಚುಗಳಲ್ಲಿ ಎರಡೂ ಬೆರೆತಿರುತ್ತವೆ. ವಿದ್ಯುತ್ ಬಿಲ್ಲಿನಲ್ಲಿ ಕನಿಷ್ಠ ಶುಲ್ಕವೂ ಇರುತ್ತದೆ, ಬಳಸಿದಷ್ಟಕ್ಕೆ ದುಡ್ಡೂ ಇರುತ್ತದೆ. ಇವನ್ನು ಬಿಡಿಸಲು ಹೈ-ಲೋ ವಿಧಾನ ಕೇಳುತ್ತಾರೆ. 3,000 ಮಾಡಿದ ತಿಂಗಳು ಖರ್ಚು 94,000, 5,000 ಮಾಡಿದ ತಿಂಗಳು 1,30,000 ಎಂದುಕೊಳ್ಳಿ. ಖರ್ಚಿನ ವ್ಯತ್ಯಾಸ 36,000, ಸಂಖ್ಯೆಯ ವ್ಯತ್ಯಾಸ 2,000, ಒಂದಕ್ಕೆ 18. 3,000ಕ್ಕೆ 54,000 ಆಯಿತು, ಉಳಿದ 40,000 ಸ್ಥಿರ. ಅತಿ ಹೆಚ್ಚು, ಅತಿ ಕಡಿಮೆ ಎಂದು ಆರಿಸುವಾಗ ತಯಾರಿಸಿದ ಸಂಖ್ಯೆಯನ್ನು ನೋಡಬೇಕು, ಖರ್ಚನ್ನಲ್ಲ. ಒಂದು ತಿಂಗಳು ಯಂತ್ರ ಕೆಟ್ಟು ಖರ್ಚು ಏರಿದ್ದರೆ ಖರ್ಚು ನೋಡಿ ಆರಿಸಿದವರ ಲೆಕ್ಕ ಅಲ್ಲೇ ಹಳಿ ತಪ್ಪುತ್ತದೆ.

ಶೇಕಡಾ ಬಂದಾಗ "ಯಾವುದರ ಮೇಲೆ" ಎಂದು ಕೇಳದೆ ಕೈ ಹಾಕಬೇಡಿ. 300ಕ್ಕೆ ಬಿದ್ದ ವಸ್ತುವಿನ ಮೇಲೆ ಖರ್ಚಿನ 25% ಲಾಭ ಬೇಕಿದ್ದರೆ ಬೆಲೆ 375. ಮಾರುವ ಬೆಲೆಯ 25% ಲಾಭ ಬೇಕಿದ್ದರೆ ಬೆಲೆ 400. ಯಾಕಂದ್ರೆ ಆಗ 300 ಎಂಬುದು ಬೆಲೆಯ 75%. ತೆರಿಗೆಯದ್ದೂ ಇದೇ ಕಥೆ. ನಿಮ್ಮ ಕಂಪನಿಗೆ ತೆರಿಗೆ ಕಟ್ಟಿದ ಮೇಲೆ 2,25,000 ಉಳಿಯಬೇಕು, ತೆರಿಗೆ 25% ಎಂದು ಕೇಳಿದರೆ 2,25,000ಕ್ಕೆ 25% ಕೂಡಿಸುವುದು ತಪ್ಪು. 0.75ರಿಂದ ಭಾಗಿಸಿ, 3,00,000 ಬರುತ್ತದೆ. ಅದಕ್ಕೆ 4,80,000 ಸೇರಿಸಿ 180ರಿಂದ ಭಾಗಿಸಿದರೆ 4,333.33, ಅಂದರೆ 4,334 ಲ್ಯಾಂಪ್.

ಫೈನಾನ್ಸ್ ಪತ್ರಿಕೆಯಲ್ಲಿ ಇದೇ ಲೆಕ್ಕ ವೇಷ ಬದಲಿಸಿ ಬರುತ್ತದೆ. ಅಲ್ಲಿ ಲಾಭಕ್ಕಿಂತ ನಗದು ಮುಖ್ಯ. ಸ್ಥಿರ ಖರ್ಚಿನ 4,80,000ದಲ್ಲಿ 30,000 ಸವಕಳಿ, ಅಂದರೆ ಯಂತ್ರ ಸವೆದದ್ದಕ್ಕೆ ಪುಸ್ತಕದಲ್ಲಿ ಬರೆಯುವ ಖರ್ಚು, ಇದೆ ಎಂದುಕೊಳ್ಳಿ. ಸವಕಳಿ ಖರ್ಚೇನೋ ಹೌದು, ಆದರೆ ಈ ತಿಂಗಳು ಅದಕ್ಕಾಗಿ ಯಾರ ಕೈಗೂ ದುಡ್ಡು ಹೋಗುವುದಿಲ್ಲ. ಹಾಗಾಗಿ ನಗದಿನ ಬ್ರೇಕ್ ಈವನ್ 4,50,000 ÷ 180 = 2,500. 2,500ರಿಂದ 2,667ರ ನಡುವೆ ಇರುವ ಕಂಪನಿ ಪುಸ್ತಕದಲ್ಲಿ ನಷ್ಟ ತೋರಿಸುತ್ತದೆ, ಆದರೆ ಎಲ್ಲರೂ ನಗದು ಕೊಟ್ಟೇ ಕೊಂಡರೆ ತಿಂಗಳ ಬಿಲ್ಲುಗಳನ್ನೆಲ್ಲ ಕಟ್ಟಬಲ್ಲದು.

ಕೊನೆಯದಾಗಿ, ನೀವು ಕೇಳಿಲ್ಲ, ಆದರೆ ಮುಂದಿನ ಅಧ್ಯಾಯದಲ್ಲಿ ನಿಮ್ಮನ್ನು ಕಾಡುವುದು ಇದೇ. ಕಂಪನಿ 5,000 ತಯಾರಿಸಿ 4,000 ಮಾತ್ರ ಮಾರಿದರೆ ಲಾಭ ಎಷ್ಟು? ಮಾರಾಟ ಬದಲಾಗಿಲ್ಲ, ಹಾಗಾಗಿ ಲಾಭ 2,40,000ವೇ ಎಂದು ನಾವು ಇಲ್ಲಿಯವರೆಗೆ ಕಲಿತ ದಾರಿ ಹೇಳುತ್ತದೆ. ಇದು ಮಾರ್ಜಿನಲ್ ಕಾಸ್ಟಿಂಗ್. ಆದರೆ ಹೊರಗಿನವರಿಗೆ ತೋರಿಸುವ ಲೆಕ್ಕಪತ್ರದಲ್ಲಿ, ಅಕೌಂಟಿಂಗ್ ಸ್ಟ್ಯಾಂಡರ್ಡ್ ಪ್ರಕಾರ, ಸ್ಥಿರ ಫ್ಯಾಕ್ಟರಿ ಓವರ್‌ಹೆಡ್‌ನ ಪಾಲನ್ನೂ ಉಳಿದ ಸರಕಿನ ಮೌಲ್ಯಕ್ಕೆ ಸೇರಿಸಬೇಕು. 5,000 ಮಾಮೂಲಿ ಸಾಮರ್ಥ್ಯ ಎಂದು ಹಿಡಿದರೆ ಒಂದರ ಪಾಲು 80 ಅಲ್ಲ, 3,20,000 ÷ 5,000 = 64. ಫ್ಯಾಕ್ಟರಿ ವೆಚ್ಚ ಒಂದಕ್ಕೆ 264.

ಮಾರಾಟ 16,00,000 − ಮಾರಿದ ಸರಕಿನ ವೆಚ್ಚ 10,56,000 = 5,44,000
5,44,000 − ಕಮಿಷನ್ 80,000 − ಆಡಳಿತ ಮತ್ತು ಮಾರಾಟ 1,60,000 = 3,04,000

ಒಂದು ಲ್ಯಾಂಪೂ ಜಾಸ್ತಿ ಮಾರಿಲ್ಲ, ಲಾಭ ಮಾತ್ರ 64,000 ಏರಿತು. ಆ 64,000 ಎಲ್ಲಿದೆ ಗೊತ್ತೇ? ಗೋದಾಮಿನಲ್ಲಿ ಉಳಿದ 1,000 ಲ್ಯಾಂಪಿನೊಳಗೆ, ತಲಾ 64ರಂತೆ ಕೂತಿದೆ. ಈ ತಿಂಗಳ ಸ್ಥಿರ ಖರ್ಚಿನ ಒಂದು ತುಂಡು ಮುಂದಿನ ತಿಂಗಳಿಗೆ ದಾಟಿಕೊಂಡಿದೆ. ಮುಂದಿನ ತಿಂಗಳು ಆ ಲ್ಯಾಂಪ್‌ಗಳು ಮಾರಾಟವಾದಾಗ ಅದು ಖರ್ಚಾಗಿ ಹೊರಬರುತ್ತದೆ. ಎರಡು ವಿಧಾನದ ಲಾಭವನ್ನು ಹೊಂದಿಸಿ ಎಂದು ಪ್ರಶ್ನೆ ಬಂದರೆ ಉದ್ದದ ಪಟ್ಟಿ ಬೇಕಿಲ್ಲ. ಸರಕಿನ ದಾಸ್ತಾನು ಎಷ್ಟು ಏರಿತು ಎಂದು ನೋಡಿ, ಒಂದರ ಸ್ಥಿರ ಓವರ್‌ಹೆಡ್‌ನಿಂದ ಗುಣಿಸಿ. 1,000 × 64. ತಿಂಗಳ ಶುರುವಿನಲ್ಲೂ ದಾಸ್ತಾನು ಇದ್ದು ಅದರ ದರ ಬೇರೆಯಿದ್ದರೆ ಮಾತ್ರ ಎರಡನ್ನೂ ಬೇರೆ ಬೇರೆ ಗುಣಿಸಿ ಕಳೆಯಬೇಕಾಗುತ್ತದೆ.